ಮೇಲೆ ಬರೋದು ಪುಕ್ಕಟೆ: ಜಾನಿ ರಮೋನ್‌ನ ಬಲಗೈ ಕಲಿಯುವ ಬಗೆ

ಮೊದಲು ಒಂದು ಕೆಲಸ ಮಾಡಿ. ಇಯರ್‌ಫೋನ್ ಹಾಕಿಕೊಳ್ಳಿ, ಎಡಗಿವಿಯದನ್ನು ತೆಗೆದುಬಿಡಿ. ಬಲಗಿವಿಯದು ಮಾತ್ರ ಇರಲಿ. ಈಗ ರಮೋನ್ಸ್ ಅನ್ನುವ ನ್ಯೂಯಾರ್ಕ್‌ನ ಪಂಕ್ ತಂಡದ (ಪಂಕ್ ಅಂದರೆ ಚಿಕ್ಕ, ಸರಳ, ವೇಗದ ರಾಕ್) ಮೊದಲ ಆಲ್ಬಮ್ ಹಾಕಿ. 1976ರದ್ದು, ತಂಡದ ಹೆಸರೇ ಆಲ್ಬಮ್‌ಗೂ ಹೆಸರು. (ಅದರದ್ದೇ ಒಂದು ಮೋನೋ ಮಿಕ್ಸ್ ಎಷ್ಟೋ ವರ್ಷ ಆದಮೇಲೆ ಬಂದಿದೆ, ಅದು ಬೇಡ, ಹಳೇ ಸ್ಟೀರಿಯೋ ಬೇಕು.) ಆ ಆಲ್ಬಮ್‌ನಲ್ಲಿ ಗಿಟಾರನ್ನು ಬಲಕ್ಕೆ, ಬೇಸ್ ಗಿಟಾರನ್ನು ಎಡಕ್ಕೆ ತಳ್ಳಿದ್ದಾರೆ. ಡ್ರಮ್ಸು, ಹಾಡು ಎರಡೂ ನಡುವೆ. ಹಾಗಾಗಿ ಈಗ ನಿಮ್ಮ ಕಿವಿಗೆ ಎಲ್ಲಕ್ಕಿಂತ ಜೋರಾಗಿ ಬೀಳುತ್ತಿರೋದು ಒಬ್ಬನೇ ಮನುಷ್ಯನ ಬಲಗೈ, ತಂಡದ ಗಿಟಾರಿಸ್ಟ್ ಜಾನಿ ರಮೋನ್‌ನದು.

ಎರಡು ಹಾಡು ಹಾಗೇ ಕೇಳಿ. ಏನೋ ಯಂತ್ರ ಓಡಿದ ಹಾಗೆ ಇರುತ್ತೆ. ನಿಲ್ಲೋದಿಲ್ಲ, ಉಸಿರು ಬಿಡೋದಿಲ್ಲ, ಮಧ್ಯದಲ್ಲಿ ಚಮತ್ಕಾರ ಏನೂ ಇಲ್ಲ. ಗಿಟಾರ್ ನುಡಿಸುವವರು ಸಾಮಾನ್ಯವಾಗಿ ಪಿಕ್ಕನ್ನು (ತಂತಿ ಮೀಟುವ ಪುಟ್ಟ ಬಿಲ್ಲೆ) ಒಂದು ಸಲ ಕೆಳಗೆ, ಒಂದು ಸಲ ಮೇಲೆ ಹೊಡೆಯುತ್ತಾರೆ, ಅದರಿಂದ ಅರ್ಧ ಶ್ರಮ ಉಳಿಯುತ್ತೆ. ಜಾನಿ ಹಾಗೆ ಮಾಡಲಿಲ್ಲ. ಎಲ್ಲ ಹೊಡೆತವೂ ಕೆಳಕ್ಕೇ. ಡೌನ್‌ಸ್ಟ್ರೋಕ್, ಡೌನ್‌ಸ್ಟ್ರೋಕ್, ಡೌನ್‌ಸ್ಟ್ರೋಕ್. ಇಪ್ಪತ್ತೆರಡು ವರ್ಷ ಹೀಗೇ ಹೊಡೆದ.

ನನಗೆ ಗಿಟಾರ್ ಹೇಳಿಕೊಟ್ಟ ಮೇಷ್ಟ್ರು ಇದನ್ನು ಕೇಳಿ ನಕ್ಕಿದ್ದರು. "ಇದರಲ್ಲಿ ಕಲಿಯೋಕೆ ಏನಿದೆ" ಅಂದರು. ಸರಿ, ಒಂದು ಹಾಡು ಪೂರ್ತಿ ಹೊಡೆದು ತೋರಿಸಿ ಸಾರ್ ಅಂದೆ. ಮುಕ್ಕಾಲು ನಿಮಿಷಕ್ಕೆ ಅವರ ಕೈ ತಾನಾಗಿಯೇ ಮೇಲೆ-ಕೆಳಗೆ ಶುರು ಮಾಡಿತು. ಅವರು ನನಗಿಂತ ನೂರು ಪಾಲು ಒಳ್ಳೆಯ ಗಿಟಾರಿಸ್ಟ್, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಈ ಕೈ ಬೇರೆ. ಇದನ್ನು ಬೇರೆಯಾಗಿಯೇ ಕಲಿಯಬೇಕು.

ಹೇಗೆ ಅಂತ ಹೇಳುತ್ತೇನೆ. ಆದರೆ ಮೊದಲು ಆ ಮನುಷ್ಯನ ಬಗ್ಗೆ ಸ್ವಲ್ಪ ಗೊತ್ತಿರಲಿ, ಯಾಕೆಂದರೆ ಅವನು ಯಾರು ಅನ್ನೋದು ತಿಳಿಯದೆ ಈ ಕೈ ಯಾಕೆ ಹೀಗೆ ಅನ್ನೋದು ತಿಳಿಯೋದಿಲ್ಲ.

ಅವನ ನಿಜವಾದ ಹೆಸರು ಜಾನ್ ಕಮಿಂಗ್ಸ್. ಹುಟ್ಟಿದ್ದು 8 ಅಕ್ಟೋಬರ್ 1948. ಬೆಳೆದದ್ದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ, ಫಾರೆಸ್ಟ್ ಹಿಲ್ಸ್ ಅನ್ನುವ ಕಡೆ. ಅಪ್ಪ ಕಟ್ಟಡ ಕೆಲಸದವನು, ಶಿಸ್ತಿನ ಆಸಾಮಿ. ಮಗನೂ ಕಟ್ಟಡ ಕೆಲಸಕ್ಕೇ ಹೋದ. ಹೈಸ್ಕೂಲಿನಲ್ಲಿ ಟ್ಯಾಂಜರೀನ್ ಪಪೆಟ್ಸ್ ಅಂತ ಒಂದು ತಂಡದಲ್ಲಿ ಬೇಸ್ ನುಡಿಸುತ್ತಿದ್ದ. ಆ ತಂಡದಲ್ಲೇ ಟಾಮಿ ಅರ್ಡೆಲಿ ಅನ್ನುವ, ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಹುಡುಗನೂ ಇದ್ದ. ಆಮೇಲೆ ಜಾನಿ ಸಂಗೀತ ಬಿಟ್ಟು ದುಡಿಮೆಗೆ ನಿಂತ. 1974ರ ಜನವರಿಯಲ್ಲಿ, 25 ವರ್ಷ ವಯಸ್ಸಿಗೆ, ಮ್ಯಾನ್‌ಹಾಟನ್‌ನ ಮ್ಯಾನೀಸ್ ಅಂಗಡಿಗೆ ಹೋಗಿ ಒಂದು ನೀಲಿ ಮಾಸ್‌ರೈಟ್ ಗಿಟಾರ್ ಕೊಂಡ. ಬೆಲೆ ಐವತ್ತು ಡಾಲರ್ ಚಿಲ್ಲರೆ. ಆ ಮಾಡೆಲ್ಲನ್ನು ಬೇರೆ ಯಾರೂ ಅಷ್ಟಾಗಿ ಬಳಸುತ್ತಿರಲಿಲ್ಲ, ಅಗ್ಗಕ್ಕೆ ಸಿಗುತ್ತಿತ್ತು, ಅಷ್ಟೇ ಕಾರಣ. ಗೆಳೆಯ ಡಗ್ಲಸ್ ಕಾಲ್ವಿನ್ ಜೊತೆಗಿದ್ದ, ಅವನು ಬೇಸ್ ಕೊಂಡ.

ಈ ಡಗ್ಲಸ್ ಡೀ ಡೀ ರಮೋನ್ ಆದ. ಜೆಫ್ರಿ ಹೈಮನ್ ಅನ್ನುವ ಆರೂವರೆ ಅಡಿಯ ಹುಡುಗ ಮೊದಲು ಡ್ರಮ್ಸ್‌ಗೆ ಕೂತು, ಅದು ಆಗಲಿಲ್ಲ ಅಂತ ಹಾಡೋಕೆ ಎದ್ದು ನಿಂತ, ಅವನು ಜೋಯಿ ರಮೋನ್. ಮ್ಯಾನೇಜರ್ ಆಗೋಕೆ ಬಂದ ಟಾಮಿ ಕೊನೆಗೆ ತಾನೇ ಡ್ರಮ್ಸ್‌ಗೆ ಕೂತ. ಎಲ್ಲರಿಗೂ ರಮೋನ್ ಅನ್ನೋದು ಮನೆ ಹೆಸರಿನ ಥರ. ಒಬ್ಬರೂ ಅಣ್ಣತಮ್ಮಂದಿರಲ್ಲ. ಪಾಲ್ ಮೆಕಾರ್ಟ್ನಿ ಒಂದು ಕಾಲದಲ್ಲಿ ಪಾಲ್ ರಮೋನ್ ಅಂತ ಹೆಸರಿಟ್ಟುಕೊಂಡಿದ್ದನಂತೆ, ಅಲ್ಲಿಂದ ಎತ್ತಿಕೊಂಡದ್ದು.

1974ರ ಆಗಸ್ಟ್‌ನಲ್ಲಿ ಬವರಿ ಬೀದಿಯ ಸಿಬಿಜಿಬಿ ಅನ್ನುವ ಕ್ಲಬ್‌ನಲ್ಲಿ ನುಡಿಸೋಕೆ ಶುರು ಮಾಡಿದರು. ಆಗಿನ ರಾಕ್ ಅಂದರೆ ಒಬ್ಬನೇ ಕೈಚಳಕ ತೋರಿಸುವ ಹತ್ತು ನಿಮಿಷದ ಗಿಟಾರ್ ಸೋಲೋ, ಹದಿನೈದು ನಿಮಿಷದ ಡ್ರಮ್ ಸೋಲೋ. ಇವರ ಇಡೀ ಕಾರ್ಯಕ್ರಮವೇ ಹದಿನೇಳು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಜಾನಿಗೆ ಸೋಲೋ ಬೇಕಿರಲಿಲ್ಲ. ಅದನ್ನು ನುಡಿಸೋಕೆ ಬರುತ್ತಲೂ ಇರಲಿಲ್ಲ ಅಂತ ಬೈಯುವವರಿದ್ದಾರೆ, ಅದು ಅರ್ಧ ನಿಜ. ರೆಕಾರ್ಡುಗಳಲ್ಲಿ ಅಲ್ಲಲ್ಲಿ ಬರುವ ಸಣ್ಣಪುಟ್ಟ ಲೀಡ್‌ಗಳನ್ನು ಬೇರೆಯವರು ನುಡಿಸಿದ್ದೂ ಇದೆ. ಬಾರದ್ದನ್ನು ಬಿಟ್ಟ, ಸರಿ. ಆದರೆ ಬಂದದ್ದನ್ನು ಎಲ್ಲಿಗೆ ಒಯ್ದ ನೋಡಿ ಅಂತ ನಾನು ಹೇಳೋದು.

ಈಗ ಕೈ.

ಅಮ್ಮನ ಊರಲ್ಲಿ ಅಜ್ಜಿ ಒನಕೆಯಲ್ಲಿ ಭತ್ತ ಕುಟ್ಟೋದನ್ನು ನಾನು ನೋಡಿದ್ದೇನೆ. ನೀವೂ ನೋಡಿರಬಹುದು, ಇಲ್ಲವಾದರೆ ಮನೆಯಲ್ಲಿ ದೊಡ್ಡವರನ್ನು ಕೇಳಿ. ಒನಕೆಯನ್ನು ಕೆಳಕ್ಕೆ ಬಿಡುವಾಗ ಮಾತ್ರ ಕೆಲಸ. ಮೇಲೆ ಎತ್ತುವಾಗ ಹಗುರ ಹಿಡಿತ, ಒರಳಿಗೆ ಬಡಿದ ಒನಕೆ ತಾನೇ ಅರ್ಧ ಎದ್ದು ಬರುತ್ತೆ, ಅಜ್ಜಿ ಅದರ ಜೊತೆ ಹೋಗುತ್ತಾಳೆ ಅಷ್ಟೇ. ಎತ್ತೋದಕ್ಕೂ ಇಳಿಸೋದಕ್ಕೂ ಒಂದೇ ಬಲ ಹಾಕಿದರೆ ಅರ್ಧ ಸೇರು ಕುಟ್ಟುವಷ್ಟರಲ್ಲಿ ತೋಳು ಬಿದ್ದುಹೋಗುತ್ತೆ. ಡೌನ್‌ಸ್ಟ್ರೋಕ್ ಅಂದರೆ ಇದೇ. ಕೆಳಗೆ ಹೋಗೋದು ದುಡ್ಡು ಕೊಟ್ಟು, ಮೇಲೆ ಬರೋದು ಪುಕ್ಕಟೆ. ಶುರು ಮಾಡುವವರೆಲ್ಲ ಮಾಡುವ ತಪ್ಪು ಒಂದೇ, ಕೈಯನ್ನು ಮೇಲೆ ಎಳೆದುಕೊಳ್ಳೋದು. ಆರು ತಿಂಗಳು ನಾನೂ ಅದನ್ನೇ ಮಾಡಿದೆ.

ಗಿಟಾರ್ ಇಲ್ಲದೆಯೇ ಮೊದಲು ಇದನ್ನು ಮಾಡಿ ನೋಡಿ. ಕೈ ತೊಳೆದಿದ್ದೀರಿ, ಒರೆಸೋಕೆ ಬಟ್ಟೆ ಇಲ್ಲ, ನೀರು ಕೊಡವುತ್ತೀರಿ ಅಲ್ವಾ? ಬಲಗೈಯಲ್ಲಿ ಹಾಗೆ ಕೊಡವಿ. ಮಣಿಕಟ್ಟು ಸಡಿಲ, ಮೊಣಕೈ ಹೆಚ್ಚೇನೂ ಅಲ್ಲಾಡಬಾರದು, ಭುಜ ಅಂತೂ ಕೂಡದು. ಅದೇ ಚಲನೆ. ಅದನ್ನು ಚಿಕ್ಕದು ಮಾಡುತ್ತಾ ಹೋಗಿ, ಬೆರಳ ತುದಿ ಎರಡು ಅಂಗುಲ ಓಡಾಡುವಷ್ಟು. ಈಗ ಆ ಕೈಗೆ ಪಿಕ್ ಕೊಡಿ.

ಪಿಕ್ ಹಿಡಿಯುವ ಬಗ್ಗೆ: ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕೆಯ ನಡುವೆ ಇಟ್ಟು, ತುದಿ ಮಾತ್ರ ಸ್ವಲ್ಪ ಹೊರಗೆ ಇರಲಿ. ಜಾಸ್ತಿ ಹೊರಗಿದ್ದರೆ ತಂತಿಗೆ ಸಿಕ್ಕಿಕೊಳ್ಳುತ್ತೆ, ಬಿಡಿಸಿಕೊಳ್ಳೋಕೆ ಬಲ ಬೇಕು, ಬಲ ಹಾಕಿದರೆ ಕೈ ಬಿಗಿಯುತ್ತೆ, ಬಿಗಿದರೆ ಕಥೆ ಮುಗಿಯಿತು. ಬೀಳದಷ್ಟು ಹಿಡಿದರೆ ಸಾಕು. ಮೊದಮೊದಲು ಪಿಕ್ ಹಾರಿ ಮಂಚದ ಕೆಳಗೆ ಹೋಗುತ್ತೆ, ಹೋಗಲಿ, ಅದು ಒಳ್ಳೆಯ ಲಕ್ಷಣ. ಒಂದು ಹತ್ತು ಪಿಕ್ ಒಟ್ಟಿಗೆ ತಂದಿಟ್ಟುಕೊಳ್ಳಿ. ಕಿರುಬೆರಳನ್ನು ಗಿಟಾರಿನ ಮೈಗೆ ಊರಬೇಡಿ. ಕೆಲವರಿಗೆ ಆ ಅಭ್ಯಾಸ ಇರುತ್ತೆ, ಈ ಕೆಲಸಕ್ಕೆ ಅದು ಲಂಗರು ಹಾಕಿದ ಹಾಗೆ.

ಇನ್ನು ಕಾರ್ಡು, ಅಂದರೆ ಹಲವು ತಂತಿ ಒಟ್ಟಿಗೆ ಮೊಳಗುವ ಸ್ವರಗಳ ಗೊಂಚಲು. ಪಂಕ್ ಅಂದರೆ ಎರಡು ಮೂರು ತಂತಿಯ ಪವರ್ ಕಾರ್ಡ್ ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಜಾನಿ ಹೆಚ್ಚಾಗಿ ನುಡಿಸಿದ್ದು ಪೂರ್ತಿ ಬಾರ್ ಕಾರ್ಡ್, ಅಂದರೆ ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಮಲಗಿಸಿ ಹಿಡಿಯುವ ದೊಡ್ಡ ಕಾರ್ಡ್. ಬಲಗಿವಿಯಲ್ಲಿ ಕೇಳಿದಿರಲ್ಲ, ಆ ದಪ್ಪ ಗೋಡೆಯಂಥ ಸದ್ದು ಬರೋದು ಅದರಿಂದ. ತಂತಿಯನ್ನು ಅಂಗೈಯಿಂದ ಒತ್ತಿ ಸದ್ದು ಅಡಗಿಸೋದೂ ಇಲ್ಲ. ಎಲ್ಲ ತೆರೆದೇ ಮೊಳಗಬೇಕು.

ಎರಡೇ ಆಕಾರ ಕಲಿತರೆ ಸಾಕು. ಒಂದು, ಇ (E) ಕಾರ್ಡಿನ ಆಕಾರವನ್ನು ಮೇಲಕ್ಕೆ ಜರುಗಿಸಿದ್ದು. ತೋರುಬೆರಳು ಐದನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಲೋಹದ ಗೆರೆಗಳ ನಡುವಿನ ಮನೆ) ಮೇಲೆ ಅಡ್ಡ ಮಲಗಿದರೆ ಅದು ಎ (A). ಇನ್ನೊಂದು, ಎ ಕಾರ್ಡಿನ ಆಕಾರ. ಅದರಲ್ಲಿ ತೋರುಬೆರಳು ಐದನೇ ಫ್ರೆಟ್ಟಿನಲ್ಲೇ ಇದ್ದು, ಉಂಗುರಬೆರಳು ಏಳನೇ ಫ್ರೆಟ್ಟಿನಲ್ಲಿ ನಡುವಿನ ಮೂರು ತಂತಿಗಳನ್ನು ಒಟ್ಟಿಗೆ ಒತ್ತಿದರೆ ಡಿ. ಅದೇ ಆಕಾರ ಎರಡು ಫ್ರೆಟ್ ಮುಂದೆ ಹೋದರೆ ಇ. ಅಷ್ಟೇ. ಎ, ಡಿ, ಇ ಈ ಮೂರು ಬಂದರೆ "ಬ್ಲಿಟ್ಸ್‌ಕ್ರೀಗ್ ಬಾಪ್" ಹಾಡಿನ ದೊಡ್ಡ ಪಾಲು ಬಂದ ಹಾಗೆ. "ಬೀಟ್ ಆನ್ ದ ಬ್ರ್ಯಾಟ್" ಕೂಡ ಬಹುಪಾಲು ಅವೇ ಮೂರು.

ಬಾರ್ ಕಾರ್ಡ್ ನೋಯುತ್ತೆ, ಸುಳ್ಳು ಹೇಳೋದಿಲ್ಲ. ತೋರುಬೆರಳನ್ನು ಚಪ್ಪಟೆಯಾಗಿ ಒತ್ತುವ ಬದಲು ಒಂದು ಚೂರು ಪಕ್ಕೆಗೆ ಹೊರಳಿಸಿ, ಅಲ್ಲಿ ಮೂಳೆ ಇದೆ, ಮಾಂಸಕ್ಕಿಂತ ಚೆನ್ನಾಗಿ ಒತ್ತುತ್ತೆ. ಎಡ ಮೊಣಕೈಯನ್ನು ಮೈ ಹತ್ತಿರ ತಂದರೆ ತೋಳಿನ ಭಾರವೇ ಅರ್ಧ ಕೆಲಸ ಮಾಡುತ್ತೆ, ಹೆಬ್ಬೆರಳಿಂದ ಹಿಂಡಬೇಕಾಗಿಲ್ಲ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಕೈ ಎತ್ತಬೇಡಿ, ಒತ್ತಡ ಮಾತ್ರ ಬಿಟ್ಟು ಜಾರಿ. ಬಲಗೈ ಮಾತ್ರ ಏನಾದರೂ ಆಗಲಿ ನಿಲ್ಲಬಾರದು. ಎಡಗೈ ತಪ್ಪಿದರೆ ತಪ್ಪಲಿ, ಕೆಟ್ಟ ಸದ್ದು ಬಂದರೆ ಬರಲಿ. ಬಲಗೈ ನಿಂತರೆ ಅದು ರಮೋನ್ಸ್ ಅಲ್ಲ.

ವೇಗದ ವಿಷಯ. ಇಲ್ಲೇ ಎಲ್ಲರೂ ಕೆಡೋದು. ಹಾಡು ಹಾಕಿಕೊಂಡು ಜೊತೆಗೆ ಹೊಡೆಯೋಕೆ ಹೋಗುತ್ತಾರೆ, ಮುಂಗೈ ಕಲ್ಲಾಗುತ್ತೆ, ಬಿಟ್ಟುಬಿಡುತ್ತಾರೆ. ಸಂಗೀತದ ಪಾಠಕ್ಕೆ ಹೋದವರಿಗೆ ನೆನಪಿರುತ್ತೆ, ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿಸುತ್ತಾರೆ. ಮೊದಲ ಕಾಲ ಗಟ್ಟಿಯಾಗದೆ ಎರಡನೇ ಕಾಲಕ್ಕೆ ಬಿಡೋದಿಲ್ಲ. ನ್ಯೂಯಾರ್ಕ್‌ನ ಪಂಕ್‌ಗೂ ಅದೇ ದಾರಿ, ಬೇರೆ ಇಲ್ಲ. ಮೊಬೈಲಲ್ಲಿ ಒಂದು ಮೆಟ್ರೊನೋಮ್ ಆಪ್ ಹಾಕಿಕೊಳ್ಳಿ. 80ಕ್ಕೆ ಇಡಿ, ಅಂದರೆ ನಿಮಿಷಕ್ಕೆ 80 ಬೀಟ್. ಒಂದು ಬೀಟ್‌ಗೆ ಎರಡು ಹೊಡೆತ, ಎರಡೂ ಕೆಳಕ್ಕೆ. ಒಂದೇ ಕಾರ್ಡ್. ಮೂರು ನಿಮಿಷ ನಿಲ್ಲಿಸದೆ. ಬೇಜಾರಾಗುತ್ತೆ. ಆ ಬೇಜಾರಿನ ಹೊತ್ತಲ್ಲಿ ಗಮನಿಸಬೇಕಾದ್ದು ಎರಡೇ: ಎಲ್ಲ ಹೊಡೆತದ ಸದ್ದೂ ಒಂದೇ ಸಮ ಇದೆಯಾ, ಭುಜ ಮೇಲೆ ಏರಿದೆಯಾ. ಭುಜ ಗೊತ್ತಾಗದ ಹಾಗೆ ಕಿವಿ ಹತ್ತಿರ ಹೋಗಿಬಿಡುತ್ತೆ, ಕನ್ನಡಿ ಮುಂದೆ ಕೂತರೆ ಒಳ್ಳೆಯದು.

ಮೂರು ನಿಮಿಷ ನಿರಾಳವಾಗಿ ಆದರೆ ನಾಳೆ 85. ಆಗದಿದ್ದರೆ ನಾಳೆಯೂ 80. ದಿನಕ್ಕೆ ಹದಿನೈದು ನಿಮಿಷದ ಮೇಲೆ ಬೇಡ. 120ರ ತನಕ ಹೆಚ್ಚು ತೊಂದರೆ ಇಲ್ಲ. 140, 150ರ ಹತ್ತಿರ ಒಂದು ಗೋಡೆ ಸಿಗುತ್ತೆ. ಅಲ್ಲಿ ಬಲ ಹಾಕಿ ದಾಟೋಕೆ ನೋಡಬೇಡಿ. ಕೈಯ ಓಡಾಟ ಚಿಕ್ಕದು ಮಾಡಿ. ಆರೂ ತಂತಿಗೆ ತಗಲಲೇಬೇಕು ಅಂತ ಹಟ ಬೇಡ, ದಪ್ಪ ತಂತಿಗಳು ನಾಲ್ಕು ಮೊಳಗಿದರೆ ಕಿವಿಗೆ ಪೂರ್ತಿ ಕಾರ್ಡೇ ಕೇಳುತ್ತೆ. ಮುಂಗೈ ಉರಿದರೆ ಪರವಾಗಿಲ್ಲ, ಅದು ಸ್ನಾಯು. ಮಣಿಕಟ್ಟಿನಲ್ಲಿ ಚುಚ್ಚಿದ ಹಾಗೆ ನೋವು ಬಂದರೆ, ಬೆರಳು ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ. ಎರಡು ದಿನ ಗಿಟಾರ್ ಮುಟ್ಟಬೇಡಿ. ನಾನು ಹುಂಬತನ ಮಾಡಿ ಮೂರು ವಾರ ಲೋಟ ಎತ್ತೋಕೂ ಎಡಗೈ ಬಳಸಿದ್ದೇನೆ.

"ಬ್ಲಿಟ್ಸ್‌ಕ್ರೀಗ್ ಬಾಪ್" ಇರೋದು ಸುಮಾರು 175ರ ವೇಗದಲ್ಲಿ. ಅಂದರೆ ನಿಮಿಷಕ್ಕೆ 350 ಹೊಡೆತ. ಹಾಡು ಎರಡು ನಿಮಿಷ ಚಿಲ್ಲರೆ. ಇದು ರೆಕಾರ್ಡಿನ ವೇಗ, ವೇದಿಕೆ ಮೇಲೆ ಇನ್ನೂ ಜೋರು. 1977ರ ಡಿಸೆಂಬರ್ 31ರಂದು ಲಂಡನ್‌ನ ರೇನ್‌ಬೋ ಥಿಯೇಟರಿನಲ್ಲಿ ಧ್ವನಿಮುದ್ರಿಸಿದ "ಇಟ್ಸ್ ಅಲೈವ್" ಕೇಳಿ. 54 ನಿಮಿಷದೊಳಗೆ 28 ಹಾಡು. ಒಂದು ಹಾಡು ಮುಗಿದ ಸದ್ದು ಇನ್ನೂ ಆರಿರೋದಿಲ್ಲ, ಡೀ ಡೀ ಒಂದು-ಎರಡು-ಮೂರು-ನಾಲ್ಕು ಅಂತ ಕೂಗಿಬಿಟ್ಟಿರುತ್ತಾನೆ. ಗಿಟಾರ್ ಶ್ರುತಿ ಮಾಡಿಕೊಳ್ಳೋದು, ನೀರು ಕುಡಿಯೋದು, ಜನರ ಜೊತೆ ಹರಟೋದು ಏನೂ ಇಲ್ಲ. ಇದೆಲ್ಲ ಹುಚ್ಚಾಟದ ಥರ ಕಾಣುತ್ತೆ, ಆದರೆ ಅದರ ಹಿಂದೆ ಕವಾಯತು ಇತ್ತು. ಜಾನಿ ಮತ್ತು ಡೀ ಡೀ ಇಬ್ಬರೂ ಒಂದೇ ಕ್ಷಣಕ್ಕೆ ಮುಂದೆ ಬರಬೇಕು, ಒಂದೇ ಕ್ಷಣಕ್ಕೆ ಹಿಂದೆ ಸರಿಯಬೇಕು ಅಂತ ಲೆಕ್ಕ ಇತ್ತು.

ಹಾಗಾಗಿ ಒಂದು ಹಾಡು ಬಂದ ಮೇಲೆ ಮುಂದಿನ ಅಭ್ಯಾಸ ಎರಡನೇ ಹಾಡಲ್ಲ, ಎರಡು ಹಾಡಿನ ನಡುವಿನ ಜಾಗ. ಮೂರು ಹಾಡು ಕಲಿತು, ನಡುವೆ ನಾಲ್ಕು ಎಣಿಸುವಷ್ಟು ಮಾತ್ರ ಬಿಟ್ಟು ಒಂದೇ ಉಸಿರಿಗೆ ನುಡಿಸಿ. ಆ ನಾಲ್ಕು ಎಣಿಕೆಯಲ್ಲಿ ಕೈ ಒಮ್ಮೆ ಕೊಡವಿಕೊಳ್ಳಬಹುದು, ಅಷ್ಟೇ ವಿರಾಮ. ಗೆಳೆಯರ ಜೊತೆ ಜಾಮ್ ಮಾಡುವವರಾದರೆ ಇದನ್ನು ಖಂಡಿತ ಮಾಡಿ ನೋಡಿ. ಹಾಡು ಮುಗಿದ ಕೂಡಲೇ "ಮಗಾ, ಆ ಬ್ರಿಡ್ಜ್‌ನಲ್ಲಿ ನೀನು ತಪ್ಪಿದೆ" ಅನ್ನುವ ಚರ್ಚೆಗೆ ಜಾಗವೇ ಇರೋದಿಲ್ಲ.

ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಅವನದು ಮಾರ್ಷಲ್, ಕಿವಿ ಹರಿಯುವಷ್ಟು ಜೋರು. ನಮ್ಮದು ಬಾಡಿಗೆ ಮನೆ, ಪಕ್ಕದಲ್ಲಿ ಪರೀಕ್ಷೆಗೆ ಓದುವ ಮಗು. ಹೆಡ್‌ಫೋನ್ ಹಾಕಿಕೊಳ್ಳುವ ಪುಟ್ಟ ಆಂಪ್ ಸಾಕು. ಗಿಟಾರಿನ ಬ್ರಿಡ್ಜ್ (ಮೈ ಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರದ ಪಿಕಪ್ ಆರಿಸಿ, ಟ್ರೆಬಲ್ ಏರಿಸಿ, ಡಿಸ್ಟಾರ್ಷನ್ ನಿಮಗೆ ಆಸೆ ಆಗುವಷ್ಟಕ್ಕಿಂತ ಅರ್ಧ ಇಡಿ. ಜಾಸ್ತಿ ಡಿಸ್ಟಾರ್ಷನ್ ಹಾಕಿದರೆ ಹೊಡೆತದ ತಪ್ಪೆಲ್ಲ ಮುಚ್ಚಿಹೋಗುತ್ತೆ, ಕೈ ಕಲಿಯೋದಿಲ್ಲ. ಎಲೆಕ್ಟ್ರಿಕ್ ಇಲ್ಲವೇ ಇಲ್ಲ ಅನ್ನುವವರು ಮನೆಯಲ್ಲಿರುವ ಅಕೂಸ್ಟಿಕ್‌ನಲ್ಲೇ ಶುರು ಮಾಡಿ. ಗಿಟಾರನ್ನು ತೊಡೆವರೆಗೆ ಇಳಿಬಿಟ್ಟು ಕಾಲು ಅಗಲಿಸಿ ನಿಲ್ಲೋದು ನೋಡೋಕೆ ಚೆಂದ, ಆದರೆ ಆ ಎತ್ತರದಲ್ಲಿ ಬಾರ್ ಕಾರ್ಡ್ ಹಿಡಿಯೋದು ಮಣಿಕಟ್ಟಿಗೆ ಶಿಕ್ಷೆ. ಮೊದಲ ವರ್ಷ ಹೆಗಲ ಪಟ್ಟಿ ಗಿಡ್ಡವಾಗಿರಲಿ, ಗಿಟಾರ್ ಮೇಲೆಯೇ ಇರಲಿ. ಸ್ಟೈಲ್ ಆಮೇಲೆ.

ಜಾನಿಗೆ ಈ ಕೈ ಎಲ್ಲಿಂದ ಬಂತು? ಇಂಗ್ಲೆಂಡಿನ ರಾಕ್ ತಂಡ ಲೆಡ್ ಜೆಪ್ಲಿನ್‌ನ 1969ರ "ಕಮ್ಯುನಿಕೇಶನ್ ಬ್ರೇಕ್‌ಡೌನ್" ಹಾಡಿನಲ್ಲಿ ಜಿಮ್ಮಿ ಪೇಜ್ ಹೊಡೆಯುವ ಡೌನ್‌ಸ್ಟ್ರೋಕ್ ರಿಫ್ (ಮರಳಿ ಮರಳಿ ಬರುವ ಗಿಟಾರ್ ತುಣುಕು) ಇದೆಯಲ್ಲ, ಅದನ್ನೇ ಮತ್ತೆ ಮತ್ತೆ ನುಡಿಸಿ ಕಲಿತೆ ಅಂತ ಅವನೇ ಹೇಳಿದ್ದಾನೆ. ತಮಾಷೆ ನೋಡಿ, ಯಾವ ದೊಡ್ಡ ದೊಡ್ಡ ಸೋಲೋಗಳ ವಿರುದ್ಧ ಪಂಕ್ ಎದ್ದಿತೋ ಆ ಮನೆಯಿಂದಲೇ ಬೀಜ ತಂದದ್ದು. ಪೇಜ್‌ಗೆ ಅದು ಒಂದು ಹಾಡಿನ ಒಂದು ತುಣುಕು. ಜಾನಿ ಅದನ್ನೇ ಇಡೀ ಜೀವನ ಮಾಡಿಕೊಂಡ.

ಜೀವನ ಅಂದೆ. ಅವನಿಗೆ ಅದು ನೌಕರಿ ಅನ್ನೋದೇ ಹೆಚ್ಚು ಸರಿ. ಕಾರ್ಯಕ್ರಮದ ಲೆಕ್ಕವನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಎಲ್ಲರೂ ಹೊತ್ತಿಗೆ ಸರಿಯಾಗಿ ವ್ಯಾನ್ ಹತ್ತಬೇಕು. ತಂಡದಲ್ಲಿ ಡೀ ಡೀ ಹೆರಾಯಿನ್‌ಗೆ ಬಿದ್ದು ಒದ್ದಾಡುತ್ತಿದ್ದರೆ, ಇವನು ಕಾರ್ಯಕ್ರಮ ಮುಗಿಸಿ ದಾರಿಯ ಅಂಗಡಿಯಲ್ಲಿ ಹಾಲು, ಬಿಸ್ಕತ್ತು ಕೊಂಡು ತಿಂದು ಮಲಗುತ್ತಿದ್ದ. ಮೊದಲ ಆಲ್ಬಮ್ಮನ್ನೂ ಹೀಗೇ ಕೆಲಸದ ಥರ ಮಾಡಿ ಮುಗಿಸಿದರು. 1976ರ ಫೆಬ್ರವರಿಯಲ್ಲಿ ಒಂದು ವಾರ, ಖರ್ಚು ಸುಮಾರು 6,400 ಡಾಲರ್, 14 ಹಾಡು, 29 ನಿಮಿಷ. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಅದು ಏರಿದ್ದು 111ನೇ ಸ್ಥಾನಕ್ಕೆ. ಅವರ ಯಾವ ಆಲ್ಬಮ್ಮೂ ಅಲ್ಲಿ 44ರ ಮೇಲೆ ಹೋಗಲೇ ಇಲ್ಲ.

ಆ 44ರದ್ದು 1980ರ "ಎಂಡ್ ಆಫ್ ದ ಸೆಂಚುರಿ", ಫಿಲ್ ಸ್ಪೆಕ್ಟರ್ ಅನ್ನುವ ರೆಕಾರ್ಡ್ ನಿರ್ಮಾಪಕ ಮಾಡಿದ್ದು. ಅವನು ಜಾನಿ ಕೈಲಿ ಒಂದು ಹಾಡಿನ ಮೊದಲ ಕಾರ್ಡೊಂದನ್ನೇ ಗಂಟೆಗಟ್ಟಲೆ ಹೊಡೆಸಿದ. ಮತ್ತೆ, ಮತ್ತೆ, ಮತ್ತೆ. ಜಾನಿ ರೇಗಿ ಎದ್ದು ಹೊರಟ. ವಾರದಲ್ಲಿ ಹದಿನಾಲ್ಕು ಹಾಡು ಮುಗಿಸಿದವನಿಗೆ ದಿನಕ್ಕೊಂದು ಕಾರ್ಡ್ ಅಂದರೆ ಸಿಟ್ಟು ಬರದೆ ಇರುತ್ತಾ.

1983ರಲ್ಲಿ ಬೀದಿ ಜಗಳವೊಂದರಲ್ಲಿ ತಲೆಬುರುಡೆ ಒಡೆಯಿತು, ಮಿದುಳಿನ ಶಸ್ತ್ರಚಿಕಿತ್ಸೆ ಆಯಿತು. ಕೆಲವೇ ತಿಂಗಳಲ್ಲಿ ವಾಪಸ್ ವೇದಿಕೆಗೆ ಬಂದ. ಮುಂದಿನ ವರ್ಷದ ಆಲ್ಬಮ್ ಹೆಸರು "ಟೂ ಟಫ್ ಟು ಡೈ". ಸುಮ್ನೆ ಇಟ್ಟ ಹೆಸರಲ್ಲ.

ಅವನನ್ನು ಸಂತ ಅಂತ ಮಾಡೋಕೆ ಹೊರಟಿಲ್ಲ ನಾನು. ಜೊತೆಗಿದ್ದವರಿಗೆ ಅವನು ಕಷ್ಟದ ಮನುಷ್ಯ. ಜೋಯಿಯ ಗೆಳತಿ ಲಿಂಡಾ ಅವನನ್ನು ಬಿಟ್ಟು ಜಾನಿ ಜೊತೆ ಹೋದಳು, ಇಬ್ಬರೂ ಮದುವೆಯಾದರು. ಜೋಯಿ ಆಮೇಲೆ ಜಾನಿ ಜೊತೆ ಮಾತೇ ಬಿಟ್ಟಂತೆ. ರಾಜಕೀಯದಲ್ಲೂ ಜೋಯಿ ಒಂದು ಕಡೆ, ಜಾನಿ ಕಟ್ಟಾ ರಿಪಬ್ಲಿಕನ್. ಆದರೂ ಒಂದೇ ವ್ಯಾನಿನಲ್ಲಿ ವರ್ಷಗಟ್ಟಲೆ ಓಡಾಡಿದರು, ಪ್ರತಿ ರಾತ್ರಿ ಎರಡು ಮೂರು ಅಡಿ ಅಂತರದಲ್ಲಿ ನಿಂತು ನುಡಿಸಿದರು. 2001ರಲ್ಲಿ ಜೋಯಿ ಕ್ಯಾನ್ಸರ್‌ನಿಂದ ತೀರಿಕೊಳ್ಳುವ ತನಕವೂ ರಾಜಿ ಆಗಲಿಲ್ಲ. 1974ರಿಂದ 1996ರ ಆಗಸ್ಟ್ 6ರ ತನಕ 2,263 ಕಾರ್ಯಕ್ರಮ. ಇದನ್ನು ಓದುವಾಗೆಲ್ಲ ನನಗೆ ನೆನಪಾಗೋದು ನಮ್ಮ ಕಡೆಯ ಕೂಡು ಕುಟುಂಬ. ಅಣ್ಣತಮ್ಮ ಮಾತು ಬಿಟ್ಟು ಹತ್ತು ವರ್ಷ ಆಗಿರುತ್ತೆ, ಬೆಳಗಾದರೆ ಒಂದೇ ಗದ್ದೆಯಲ್ಲಿ ಬಗ್ಗಿರುತ್ತಾರೆ.

ಇನ್ನು ಈ ಕೈ ಎಲ್ಲೆಲ್ಲಿ ಹೋಯಿತು ಅನ್ನೋದನ್ನು ಕೇಳಿ ತಿಳಿಯಬೇಕು, ಅದೂ ಪಾಠದ ಭಾಗವೇ. 1976ರ ಜುಲೈ 4, ಅಮೆರಿಕಕ್ಕೆ ಸ್ವಾತಂತ್ರ್ಯ ಘೋಷಿಸಿ ಇನ್ನೂರು ವರ್ಷ ತುಂಬಿದ ದಿನ, ಇವರು ಇಂಗ್ಲೆಂಡಿಗೆ ಹೋಗಿ ಲಂಡನ್‌ನ ರೌಂಡ್‌ಹೌಸ್‌ನಲ್ಲಿ ನುಡಿಸಿದರು. ಅಲ್ಲಿನ ಹೊಸ ಪಂಕ್ ಹುಡುಗರೆಲ್ಲ ಆ ಎರಡು ದಿನ ಇವರ ಸುತ್ತಲೇ ಇದ್ದರು. ನಮಗೆ ಇನ್ನೂ ಸರಿಯಾಗಿ ಬರೋದಿಲ್ಲ, ತಯಾರಾಗುತ್ತಿದ್ದೇವೆ ಅಂದ ಕ್ಲ್ಯಾಶ್ ಹುಡುಗರಿಗೆ ಜಾನಿ, ನಮಗೂ ಬರೋದಿಲ್ಲ, ಹೋಗಿ ನುಡಿಸಿ ಅಂದನಂತೆ. ಈ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನಾನು ಅದನ್ನು ಪೂರ್ತಿ ನಂಬಬೇಡಿ ಅನ್ನುತ್ತೇನೆ. "ನಮಗೂ ಬರೋದಿಲ್ಲ" ಅಂದವನ ಕೈ ಆಗಲೇ ಎರಡು ವರ್ಷದ ಕುಟ್ಟಾಟದಲ್ಲಿ ಹದವಾಗಿತ್ತು.

ಮೆಟಾಲಿಕಾ ಕೇಳುವವರು ಜೇಮ್ಸ್ ಹೆಟ್‌ಫೀಲ್ಡ್‌ನ ಬಲಗೈ ನೋಡಿ. ಅಂಗೈ ಒತ್ತಿ ಹೊಡೆಯುವ ಆ ಗಟ್ಟಿ ಡೌನ್‌ಸ್ಟ್ರೋಕ್ ಮೆಟಲ್‌ನದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅದರ ಒಂದು ಬೇರು ಜಾನಿಯಲ್ಲಿದೆ. 2003ರಲ್ಲಿ ಬಂದ ರಮೋನ್ಸ್ ಗೌರವದ ಆಲ್ಬಮ್‌ನಲ್ಲಿ ಮೆಟಾಲಿಕಾ "ಫಿಫ್ಟಿಥರ್ಡ್ ಆ್ಯಂಡ್ ಥರ್ಡ್" ನುಡಿಸಿದೆ. ಗ್ರೀನ್ ಡೇ ತಂಡದ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್‌ನ ಕೈ ಇನ್ನೂ ಹತ್ತಿರದ್ದು. 2002ರಲ್ಲಿ ರಮೋನ್ಸ್‌ಗೆ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಾಗ ಅವರ ಹಾಡುಗಳನ್ನು ನುಡಿಸಿದ್ದು ಗ್ರೀನ್ ಡೇ. ಜಪಾನಿನ ಒಸಾಕಾದಲ್ಲಿ ಶೋನೆನ್ ನೈಫ್ ಅಂತ ಹೆಣ್ಣುಮಕ್ಕಳ ತಂಡ ಇದೆ. ಅವರು 2011ರಲ್ಲಿ "ಒಸಾಕಾ ರಮೋನ್ಸ್" ಅನ್ನುವ ಹೆಸರಲ್ಲಿ ಇಡೀ ಆಲ್ಬಮ್ ರಮೋನ್ಸ್ ಹಾಡುಗಳನ್ನೇ ಮಾಡಿದ್ದಾರೆ. ಹೊಸದಾಗಿ ಕಲಿಯುವವರಿಗೆ ಅದು ಒಳ್ಳೆಯದು, ಎಲ್ಲ ಸ್ಪಷ್ಟವಾಗಿ ಕೇಳುತ್ತೆ. ತಮ್ಮ ಊರಲ್ಲಿ ಸಣ್ಣ ಹಾಲ್‌ಗಳಲ್ಲಿ ನುಡಿಸುತ್ತಿದ್ದ ಇವರನ್ನು ಅರ್ಜೆಂಟೀನಾದವರು ತಲೆ ಮೇಲೆ ಹೊತ್ತುಕೊಂಡರು. 1996ರ ಮಾರ್ಚ್‌ನಲ್ಲಿ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನುಡಿಸಿದರು.

ನಮ್ಮ ಕಡೆ ರಮೋನ್ಸ್ ಕಾಣೋದು ಹೆಚ್ಚಾಗಿ ಟೀ ಶರ್ಟ್ ಮೇಲೆ. ಕಪ್ಪು ಅಂಗಿ, ಬಿಳಿ ಮುದ್ರೆ, ನಡುವೆ ಹದ್ದು. ಹಾಕಿಕೊಂಡವರಿಗೆ ಹಾಡು ಗೊತ್ತಾ ಅಂತ ಪರೀಕ್ಷೆ ಮಾಡುವವರ ಪೈಕಿ ನಾನಲ್ಲ. ಆದರೆ ಆ ಮುದ್ರೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ತಂಡದ ಕಲಾವಿದ ಆರ್ಟುರೊ ವೆಗಾ ಅದನ್ನು ಅಮೆರಿಕದ ಅಧ್ಯಕ್ಷರ ಮುದ್ರೆಯ ಥರ ಬಿಡಿಸಿದ್ದು. ಮೂಲದಲ್ಲಿ ಹದ್ದಿನ ಕಾಲಲ್ಲಿ ಬಾಣಗಳಿವೆ, ಇದರಲ್ಲಿ ಬೇಸ್‌ಬಾಲ್ ಬ್ಯಾಟ್. ಜಾನಿಗೆ ಬೇಸ್‌ಬಾಲ್ ಹುಚ್ಚು. ಸುತ್ತ ಹೆಸರುಗಳಿರುತ್ತವೆ, ಅದರಲ್ಲಿ ಅವನದೂ ಒಂದು.

2003ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ನೂರು ದೊಡ್ಡ ಗಿಟಾರಿಸ್ಟ್‌ಗಳ ಪಟ್ಟಿ ಮಾಡಿದಾಗ ಸೋಲೋ ನುಡಿಸದ ಈ ಮನುಷ್ಯನನ್ನು 16ನೇ ಜಾಗದಲ್ಲಿ ಕೂರಿಸಿತು. ಮರುವರ್ಷ, 15 ಸೆಪ್ಟೆಂಬರ್ 2004ರಂದು, ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ವಯಸ್ಸು 55. ಹಾಲಿವುಡ್‌ನ ಸ್ಮಶಾನದಲ್ಲಿ ಗಿಟಾರ್ ಹಿಡಿದ ಅವನ ಕಂಚಿನ ಪ್ರತಿಮೆ ಇದೆ. ನೀಲಿ ಗಿಟಾರ್ 1977ರಲ್ಲೇ ಕಳ್ಳತನ ಆಗಿತ್ತು. ಅದಾದ ಮೇಲೆ ತಂದು ಕೊನೆಯ ಕಾರ್ಯಕ್ರಮದ ತನಕ ಕುಟ್ಟಿದ ಬಿಳಿ ಮಾಸ್‌ರೈಟ್ 2021ರ ಹರಾಜಿನಲ್ಲಿ 9,37,500 ಡಾಲರ್‌ಗೆ ಹೋಯಿತು.

ಸರಿ, ಕೊನೆಗೆ ಒಂದು ಪರೀಕ್ಷೆ. ನಿಮ್ಮ ಕೈ 160 ದಾಟಿದ ಮೇಲೆ ಮಾತ್ರ. ಈ ಸಲ ಇಯರ್‌ಫೋನಿನ ಬಲಗಡೆಯದನ್ನು ತೆಗೆದು ಎಡಗಡೆಯದು ಹಾಕಿಕೊಳ್ಳಿ. ಡೀ ಡೀಯ ಬೇಸ್, ಟಾಮಿಯ ಡ್ರಮ್ಸ್, ಜೋಯಿಯ ದನಿ ಕೇಳುತ್ತೆ, ಗಿಟಾರ್ ಹೆಚ್ಚುಕಡಿಮೆ ಇರೋದಿಲ್ಲ. ಆ ಖಾಲಿ ಜಾಗದಲ್ಲಿ ನೀವು ನಿಂತುಕೊಳ್ಳಿ. ಮೊದಲ ಹಾಡಿನಿಂದ ಶುರು ಮಾಡಿ, ಪಾಸ್ ಒತ್ತದೆ, ಒಂದೂ ಅಪ್‌ಸ್ಟ್ರೋಕ್ ಇಲ್ಲದೆ ಎಲ್ಲಿಗೆ ಹೋಗುತ್ತೀರಿ ನೋಡಿ. ನಾಲ್ಕನೇ ಹಾಡು ನಿಧಾನದ ಪ್ರೇಮಗೀತೆ, ಅಲ್ಲಿ ಕೈಗೆ ಸ್ವಲ್ಪ ನೆರಳು ಸಿಗುತ್ತೆ. ನಾನು ಎರಡು ವರ್ಷದಿಂದ ಏಳನೇ ಹಾಡಿನ ನಡುವೆ ಬಿದ್ದುಹೋಗುತ್ತಿದ್ದೇನೆ. ಹೋದ ಭಾನುವಾರ ಎಂಟನೆಯದು ಶುರುವಾಗೋದು ಕೇಳಿಸಿತು, ಅಷ್ಟರಲ್ಲಿ ಪಿಕ್ ಹಾರಿ ಮಂಚದ ಕೆಳಗೆ ಹೋಯಿತು.